ಬಯಲಲ್ಲಿ ಮಲಗಲು ಬಿವ್ವಿ ಬ್ಯಾಗ್: ಮಳೆಗಿಂತ ಮೊದಲು ಬೆವರು ನೋಡಿ, ಹುಳ ನೋಡಿ

ಟೆಂಟ್ ಹೊರೋದು ಬೇಡ, ರೂಮ್ ಬುಕ್ ಮಾಡೋದೂ ಬೇಡ. ಬೆನ್ನಿಗೊಂದು ಬ್ಯಾಗ್, ಕತ್ತಲಾದಲ್ಲಿ ನಿದ್ದೆ. ಹೀಗೆ ಆಸೆಪಡುವವರು ನನ್ನ ಆಫೀಸಿನಲ್ಲೇ ನಾಲ್ಕೈದು ಜನ ಇದ್ದಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: "ಯಾವ ಬಿವ್ವಿ ಬ್ಯಾಗ್ ತಗೊಳ್ಲಿ?"

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ದಿಂಬಿಗೆ ಗವಸು ಇದ್ದ ಹಾಗೆ ಸ್ಲೀಪಿಂಗ್ ಬ್ಯಾಗಿಗೆ ಹಾಕುವ ಚೀಲವೇ ಬಿವ್ವಿ. ಒಬ್ಬರು ಮಾತ್ರ ಮಲಗಬಹುದು. ಮಡಚಿದರೆ ನೀರಿನ ಬಾಟಲಿಯಷ್ಟಾಗುತ್ತದೆ.

ಆನ್‌ಲೈನಿನಲ್ಲಿ ಹುಡುಕಿದರೆ ಮೊದಲು ಸಿಗುವ ಸಲಹೆ "ಪೂರ್ತಿ ವಾಟರ್‌ಪ್ರೂಫ್ ತಗೊಳ್ಳಿ" ಅನ್ನೋದು. ಆ ಮಾತು ಹುಟ್ಟಿದ್ದು ಸ್ಕಾಟ್ಲೆಂಡಿನಂಥ ಚಳಿ-ಮಳೆಯ ಗುಡ್ಡಗಳಲ್ಲಿ. ನನ್ನೂರು ಯಾದಗಿರಿ ಜಿಲ್ಲೆಯ ಹುಣಸಗಿ. ಮೂರು ಚಳಿಗಾಲದಿಂದ ರಜೆಗೆ ಊರಿಗೆ ಹೋದಾಗೆಲ್ಲ ನಮ್ಮ ಹೊಲದಲ್ಲೇ ಬಿವ್ವಿ ಹಾಸಿ ಮಲಗುತ್ತಿದ್ದೇನೆ. ನನಗೆ ಕಂಡದ್ದು ಇಷ್ಟು: ನಮ್ಮ ಬಯಲಿಗೆ ಬೇಕಾದದ್ದು ಉಸಿರಾಡುವ, ಹುಳ-ಹುಪ್ಪಡಿ ಒಳಗೆ ಬಿಡದ ಚೀಲ. ಮಳೆ ತಡೆಯುವುದು ಆಮೇಲಿನ ಮಾತು.

ಕಂಬಳಿ ಹೇಳುವ ಪಾಠ

ಹುಣಸಗಿ ಕಡೆ ಹೊರಗೆ ಮಲಗೋದು ಫ್ಯಾಷನ್ ಅಲ್ಲ. ಬೇಸಿಗೆಯಲ್ಲಿ ಮಾಳಿಗೆ ಮೇಲೆ, ಜೋಳ ಕಾಯುವಾಗ ಹೊಲದಲ್ಲಿ, ಕುರಿ ಹಿಂಡಿನ ಜೊತೆ ಬಯಲಲ್ಲಿ ಮಲಗುವುದು ರೂಢಿ. ಊರಿನ ಹತ್ತಿರದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಗೆದಾಗ ಸಿಕ್ಕ ಕಲ್ಲಿನ ಆಯುಧಗಳ ನೆಲೆಗೆ ಸುಮಾರು 12 ಲಕ್ಷ ವರ್ಷ ಎಂದು ಲೆಕ್ಕ ಹಾಕಿದ್ದಾರೆ. ಈ ಬಯಲಲ್ಲಿ ರಾತ್ರಿ ಕಳೆದವರ ಸಾಲು ಅಷ್ಟು ಉದ್ದದ್ದು.

ನನ್ನ ಬಿವ್ವಿ ನೋಡಿ ಕುರಿ ಮೇಯಿಸುವ ಕಾಕಾ ಒಬ್ಬರು ಕೇಳಿದ್ದರು, "ಏನ್ ತಮ್ಮಾ, ಗೊಬ್ಬರದ ಚೀಲ ಇದ್ದಂಗ ಐತಲ್ಲ! ಇದರಾಗ ಉಸಿರು ಹೆಂಗ ಆಡ್ತದ?"

ಬಿವ್ವಿ ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ. ಒಂದು ರಾತ್ರಿಯಲ್ಲಿ ನಮ್ಮ ಉಸಿರು ಮತ್ತು ಚರ್ಮದಿಂದ ಒಂದು ಲೋಟಕ್ಕೂ ಹೆಚ್ಚು ನೀರು ಆವಿಯಾಗಿ ಹೋಗುತ್ತದೆ. ಪ್ಲಾಸ್ಟಿಕ್ಕಿನಂಥ ಚೀಲದಲ್ಲಿ ಅದಕ್ಕೆ ದಾರಿಯಿಲ್ಲ. ಒಳಮೈಯಲ್ಲೇ ಹನಿಗಟ್ಟಿ, ಬೆಳಗಿನ ಹೊತ್ತಿಗೆ ಸ್ಲೀಪಿಂಗ್ ಬ್ಯಾಗ್ ಒದ್ದೆ. ಮಳೆ ಬಂದಿಲ್ಲ, ಆದರೂ ನೆನೆದಿರುತ್ತೀರಿ. ಕಾಕಾ ಹೊದೆಯುವ ಕಂಬಳಿ ಹಾಗಲ್ಲ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಕೊಪ್ಪೆ ಮಾಡಿ ಹಾಕಿಕೊಂಡರೆ ತಲೆ, ಬೆನ್ನು ಎರಡಕ್ಕೂ ಆಸರೆ. ಆದರೆ ಕಂಬಳಿ ಭಾರ, ನೆನೆದರೆ ಇನ್ನೂ ಭಾರ. ಮತ್ತೆ, ಕೆಳಗೂ ಬದಿಗೂ ಮುಚ್ಚಿರುವುದಿಲ್ಲ. ಬಿವ್ವಿ ಕೆಲಸಕ್ಕೆ ಬರುವುದು ಅಲ್ಲೇ.

ಯಾವ ಥರ, ಎಷ್ಟು ತೂಕ?

ಹೊಳೆಯುವ ಹಾಳೆಯ ಎಮರ್ಜೆನ್ಸಿ ಬಿವ್ವಿ 100–200 ಗ್ರಾಂ. ಅಗ್ಗ, ಹಗುರ, ಆದರೆ ಅಪಾಯದ ಹೊತ್ತಿನ ಒಂದು ರಾತ್ರಿಗೆ ಮಾತ್ರ. ನಿತ್ಯ ಮಲಗಿದರೆ ಬೆವರಿನಲ್ಲಿ ತೊಯ್ದು ಹೋಗ್ತೀರಿ.

ಗೋರ್-ಟೆಕ್ಸ್‌ನಂಥ ಪೊರೆಯಿರುವ ವಾಟರ್‌ಪ್ರೂಫ್ ಬಿವ್ವಿ ಸಾಮಾನ್ಯವಾಗಿ ಅರ್ಧ ಕಿಲೋದಿಂದ ಒಂದು ಕಿಲೋ. ಇದು ಹನಿ ನೀರನ್ನು ತಡೆದು ಆವಿಯನ್ನು ಹೊರಬಿಡುತ್ತದೆ. ಆದರೆ ಹೊರಗಿಗಿಂತ ಒಳಗೆ ತೇವ ಹೆಚ್ಚಿದ್ದರೆ ಮಾತ್ರ ಆವಿ ಹೊರಗೆ ಹೋಗೋದು. ಹೊರಗಿನ ಗಾಳಿಯೇ ಸೆಕೆ, ತೇವದಿಂದ ತುಂಬಿದ್ದರೆ ಅದರ ಆಟ ನಡೆಯುವುದಿಲ್ಲ. ಹಿಮಾಲಯಕ್ಕೆ ಸರಿ, ನಮ್ಮ ಜುಲೈ ತಿಂಗಳಿಗೆ ಕಷ್ಟ.

ಮೂರನೆಯದು ನೀರು ಬಿಡದ ತಳ, ಮೇಲೆ ಪೂರ್ತಿ ಅಥವಾ ಮುಖದ ಭಾಗಕ್ಕೆ ಸೊಳ್ಳೆ ಬಲೆ ಇರುವ ಬಿವ್ವಿ. ತೂಕ 200–400 ಗ್ರಾಂ ಆಸುಪಾಸು. ನವೆಂಬರ್‌ನಿಂದ ಫೆಬ್ರವರಿವರೆಗೆ ಹುಣಸಗಿ ಕಡೆ ನನ್ನ ಆಯ್ಕೆ ಇದೇ. ಡಿಸೆಂಬರ್ ರಾತ್ರಿ 15 ಡಿಗ್ರಿ ಆಸುಪಾಸು ಇಳಿದರೂ ಒಳಗೊಂದು ತೆಳು ಸ್ಲೀಪಿಂಗ್ ಬ್ಯಾಗ್ ಸಾಕು. ಮೋಡ ಕಂಡರೆ ಮೇಲೆ ಕಟ್ಟಲು ಸಣ್ಣ ತಾಡಪತ್ರಿ ಜೊತೆಗಿರಲಿ.

ಬಲೆ ಶೋಕಿಗಲ್ಲ

ನಾರಾಯಣಪುರ ಎಡದಂಡೆ ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಭತ್ತದ ಗದ್ದೆ ಹೆಚ್ಚಿವೆ. ಗದ್ದೆ ಇದ್ದಲ್ಲಿ ಸೊಳ್ಳೆ, ಇಲಿ. ಇಲಿ ಇದ್ದಲ್ಲಿ ಹಾವು. ಕಟ್ಟುಹಾವು ಓಡಾಡುವುದು ರಾತ್ರಿ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ಎಷ್ಟೋ ಸಲ ನೋವೇ ಗೊತ್ತಾಗೋದಿಲ್ಲ; ಬೆಳಿಗ್ಗೆ ರೆಪ್ಪೆ ಎತ್ತಲಾಗದೆ, ಉಸಿರು ಕಷ್ಟವಾದಾಗಲೇ ತಿಳಿಯುತ್ತದೆ. ಆಗ್ನೇಯ ನೇಪಾಳದ ಹಳ್ಳಿಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸೊಳ್ಳೆ ಪರದೆಯೊಳಗೆ ಮಲಗುವವರಿಗೆ ಹಾವು ಕಚ್ಚುವ ಅಪಾಯ ಬಹಳ ಕಡಿಮೆ ಎಂದು ತೋರಿಸಿತು. ಹೀಗಾಗಿ 50 ಗ್ರಾಂ ಉಳಿಸಲು ಬಲೆ, ಜಿಪ್ ಇಲ್ಲದ ಬಿವ್ವಿ ತಗೋಬೇಡಿ. ಮಲಗುವ ಮುನ್ನ ಒಳಗೆಲ್ಲ ಟಾರ್ಚ್ ಹಾಕಿ ನೋಡಿ, ಆಮೇಲೆ ಕೊನೆಯವರೆಗೆ ಜಿಪ್ ಎಳೆಯಿರಿ. ಬೂಟು ಒಂದು ಚೀಲದಲ್ಲಿ ಕಟ್ಟಿಡಿ, ಚೇಳು ಹೋಗಿ ಕೂರುತ್ತದೆ. ಅಕಸ್ಮಾತ್ ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ. ಕೈಕಾಲು ಅಲುಗಾಡಿಸದೆ ನೇರ ಆಸ್ಪತ್ರೆಗೆ. 108ಕ್ಕೆ ಫೋನ್ ಮಾಡಿ.

ಅಂಗಡಿಯಲ್ಲಿ ನಾಚಿಕೊಳ್ಳಬೇಡಿ

ಅಲ್ಲೇ ನೆಲಕ್ಕೆ ಹಾಸಿ ಒಳಗೆ ಮಲಗಿ ನೋಡಿ. ನಿಮ್ಮ ಎತ್ತರಕ್ಕಿಂತ 20–25 ಸೆಂ.ಮೀ. ಉದ್ದ ಇರಬೇಕು. ಮಗ್ಗುಲು ಬದಲಿಸಿ. ಮೊಣಕೈ ಗೋಡೆಗೆ ತಾಗಿ ಬಲೆ ಮೈಗೆ ಅಂಟಿದರೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ಮುಖದ ಮೇಲೆ ಬಲೆ ಎತ್ತಿ ಹಿಡಿಯುವ ಕಮಾನು ಅಥವಾ ದಾರ ಕಟ್ಟುವ ಕುಣಿಕೆ ಇದೆಯಾ ನೋಡಿ. ಕಣ್ಣು ಮುಚ್ಚಿಕೊಂಡು ಒಳಗಿನಿಂದ ಒಂದೇ ಕೈಯಲ್ಲಿ ಜಿಪ್ ತೆಗೆಯಿರಿ. ಬರದಿದ್ದರೆ ಅದು ಬೇಡ. ವಾಟರ್‌ಪ್ರೂಫ್ ಚೀಲವಾದರೆ ಬಾಯಿ-ಮೂಗು ಮುಚ್ಚಿಕೊಂಡು ಎಂದೂ ಮಲಗಬೇಡಿ. ಗಾಳಿಗೆ ದಾರಿ ಇರಲೇಬೇಕು.

ತಳದ ಬಟ್ಟೆಗೆ 3,000 ಮಿ.ಮೀ. ಅಥವಾ ಹೆಚ್ಚಿನ ನೀರು ತಡೆಯುವ ಅಂಕಿ ಇದ್ದರೆ ಒಳ್ಳೆಯದು. ನಮ್ಮ ಮೈಭಾರಕ್ಕೆ ನೆಲದ ತೇವ ಒತ್ತಿ ಬರುತ್ತದೆ. ಜೋಳ ಕೊಯ್ದ ಎರಿ ಹೊಲದ ಕೂಳೆ ಮೊಳೆ ಇದ್ದ ಹಾಗೆ. ತೆಳು ತಳವಾದರೆ ಕೆಳಗೆ ದಪ್ಪ ತಾಡಪತ್ರಿ ಹಾಸಿ. ಬಿವ್ವಿ ನೆಲದ ತಂಪು ತಡೆಯುವುದಿಲ್ಲ, ಮ್ಯಾಟ್ ಬೇಕೇಬೇಕು. ತೂಕ ಹಾಕುವಾಗ ಮ್ಯಾಟ್, ತಾಡಪತ್ರಿ, ಸ್ಲೀಪಿಂಗ್ ಬ್ಯಾಗ್ ಎಲ್ಲ ಸೇರಿಸಿ. ಒಟ್ಟು ಟೆಂಟಿನಷ್ಟೇ ಆದರೆ ಬಿವ್ವಿಯ ಲಾಭವೇನು?

ಎಲ್ಲಿ ಹಾಸಬೇಕು?

ಅನುಮತಿಯಿಲ್ಲದೆ ಮೀಸಲು ಅರಣ್ಯಕ್ಕೆ ಹೋಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅಪರಾಧ. ಕೃಷ್ಣೆಯ ದಂಡೆ ಚೆಂದ, ಆದರೆ ಅಲ್ಲಿ ಮೊಸಳೆಗಳಿವೆ. ಬಸವಸಾಗರದ ಗೇಟು ತೆರೆದರೆ ನೀರು ಏರುತ್ತದೆ. ದಂಡೆಯಲ್ಲಿ ಮಲಗಲೇಬೇಡಿ. ಹೊಲದ ಯಜಮಾನರನ್ನು ಮೊದಲು ಕೇಳಿ. "ಅಣ್ಣಾ, ಒಂದು ರಾತ್ರಿ ಇಲ್ಲಿ ಮಲಗ್ತೀವ್ರಿ" ಅಂದರೆ ನಮ್ಮ ಕಡೆ ಜಾಗದ ಜೊತೆ ರೊಟ್ಟಿಯೂ ಸಿಗಬಹುದು. ಯಾವ ಜಾಗದಲ್ಲಿ ಹಾವಿನ ಹುತ್ತ, ಇಲಿ ಬಿಲ ಇವೆ ಅನ್ನೋದು ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿಲ್ಲ.

ಮೊದಲ ರಾತ್ರಿಗೆ ದೂರ ಹೋಗಬೇಡಿ. ನಿಮ್ಮ ಮನೆಯ ಮಾಳಿಗೆ ಅಥವಾ ಟೆರೇಸ್ ಮೇಲೆ ಹಾಸಿ, ಬೆಳಿಗ್ಗೆ ಎದ್ದು ಒಳಗೆ ಕೈಯಾಡಿಸಿ. ಒಣಗಿದೆಯಾ, ಒದ್ದೆಯಾ? ಒದ್ದೆಯಾಗಿದ್ದರೆ ವಾಪಸ್ ಕೊಡುವ ಗಡುವಿನೊಳಗೆ ಬದಲಿಸಿಕೊಳ್ಳಿ. ಒಣಗಿದ್ದರೆ ಊರಿಗೆ ಹೊರಡಬಹುದು.