ನಾಲ್ಕು ಶತಮಾನದಿಂದ ಕಣ್ಣಿಗೆ ಬೀಳದ ಸ್ಫೋಟ

2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ ನೋಡಲು ಕಾಸರಗೋಡು ಜಿಲ್ಲೆಯ ಚೆರುವತ್ತೂರಿಗೆ ಜನ ಹರಿದುಬಂದಿದ್ದರು. ಅದೇ ದಿನಗಳಲ್ಲಿ ರಾತ್ರಿ ಪೂರ್ವದಲ್ಲಿ ಏಳುತ್ತಿದ್ದ ಒಂದು ಕೆಂಪು ನಕ್ಷತ್ರ ಮಂಕಾಗುತ್ತ ಹೋಗುತ್ತಿತ್ತು. ಅದು ಆರ್ದ್ರಾ, ಮಲಯಾಳಿಗಳಿಗೆ ತಿರುವಾದಿರ, ಖಗೋಳ ಪುಸ್ತಕಗಳಲ್ಲಿ ಬೀಟಲ್‌ಜೂಸ್. 2020ರ ಫೆಬ್ರವರಿ ಹೊತ್ತಿಗೆ ಅದರ ಬೆಳಕು ಎಂದಿನ ಮೂರನೇ ಒಂದು ಪಾಲಿಗೆ ಇಳಿದಾಗ, ಇನ್ನೇನು ಸಿಡಿಯುತ್ತದೆ ಎಂಬ ಮಾತು ಜಗತ್ತಿನ ತುಂಬ ಹಬ್ಬಿತು.

ಸಿಡಿಯಲಿಲ್ಲ. ನಕ್ಷತ್ರ ತಾನೇ ಹೊರಚೆಲ್ಲಿದ ಅನಿಲ ತಣಿದು ಧೂಳಾಗಿ ಬೆಳಕಿಗೆ ಅಡ್ಡ ನಿಂತಿತ್ತು. ಆರ್ದ್ರಾ ಸಿಡಿಯುವುದು ಖಂಡಿತ, ಆದರೆ ಅದಕ್ಕೆ ಇನ್ನೂ ಒಂದು ಲಕ್ಷ ವರ್ಷ ಹಿಡಿದರೂ ಅಚ್ಚರಿಯಿಲ್ಲ.

ಹಾಗಾದರೆ ನಕ್ಷತ್ರಗಳು ಎಷ್ಟು ಸಲ ಹೀಗೆ ಸೂಪರ್‌ನೋವಾ ಆಗಿ ಸಿಡಿಯುತ್ತವೆ? ನಮ್ಮ ಕ್ಷೀರಪಥದಲ್ಲಿ ನೂರು ವರ್ಷಕ್ಕೆ ಸುಮಾರು ಎರಡು ಎಂಬುದು ಈಗಿನ ಅಂದಾಜು. ಕಳೆದ ಸಾವಿರ ಚಿಲ್ಲರೆ ವರ್ಷಗಳಲ್ಲಿ ಬರಿಗಣ್ಣಿಗೆ ಕಂಡು ದಾಖಲಾದವು ಮಾತ್ರ ಐದೇ: 1006, 1054, 1181, 1572 ಮತ್ತು 1604. ಕೊನೆಯದು ಕಂಡಾಗ ಕೆಳದಿಯ ಶಿವಪ್ಪ ನಾಯಕ ಬೇಕಲ ಕೋಟೆಯನ್ನು ಇನ್ನೂ ಕಟ್ಟಿಸಿರಲಿಲ್ಲ. ಆಮೇಲೆ ಸ್ಫೋಟಗಳೇ ಆಗಲಿಲ್ಲವೆಂದಲ್ಲ. ಧನು ರಾಶಿಯ ದಿಕ್ಕಿನಲ್ಲಿ, ಕ್ಷೀರಪಥದ ನಡುಭಾಗದ ಹತ್ತಿರ ಸಿಡಿದ ಒಂದು ನಕ್ಷತ್ರದ ಬೆಳಕು 19ನೇ ಶತಮಾನದ ಕೊನೆಯ ಸುಮಾರಿಗೆ ನಮ್ಮನ್ನು ತಲುಪಬೇಕಿತ್ತು. ನಡುವಿನ ಧೂಳು ಅದನ್ನು ನುಂಗಿತು. ಅದರ ಅವಶೇಷದ ವಯಸ್ಸು ಇಷ್ಟು ಕಡಿಮೆ ಎಂದು ಗೊತ್ತಾದದ್ದು 2008ರಲ್ಲಿ, ಅದೂ ರೇಡಿಯೊ ಮತ್ತು ಎಕ್ಸ್-ಕಿರಣಗಳ ನೆರವಿನಿಂದ.

ಎಲ್ಲಿ ಸಿಡಿಯುತ್ತವೆ ಎಂಬ ಪ್ರಶ್ನೆಗೂ ಈ ಧೂಳಿಗೂ ನಂಟಿದೆ. ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ತೂಗುವ ನಕ್ಷತ್ರ ಕೆಲವೇ ಕೋಟಿ ವರ್ಷ ಬದುಕುತ್ತದೆ. ದೂರ ಹೋಗಲು ಪುರುಸೊತ್ತಿಲ್ಲದೆ, ಹುಟ್ಟಿದ ಸುರುಳಿತೋಳಿನ ಅನಿಲ, ಧೂಳುಗಳ ನಡುವೆಯೇ ಅದರ ತಿರುಳು ಕುಸಿಯುತ್ತದೆ, ಮೈ ಸಿಡಿಯುತ್ತದೆ. ಇನ್ನೊಂದು ಬಗೆಯದಕ್ಕೆ ಈ ಅವಸರವಿಲ್ಲ. ಉರಿದು ಮುಗಿದ ನಕ್ಷತ್ರದ ಉಳಿಕೆಯಾದ ಶ್ವೇತಕುಬ್ಜ, ಜೊತೆಗಾರ ನಕ್ಷತ್ರದಿಂದ ದ್ರವ್ಯ ಸೆಳೆದುಕೊಂಡು, ಖಭೌತ ವಿಜ್ಞಾನಿ ಚಂದ್ರಶೇಖರ್ ಲೆಕ್ಕಹಾಕಿದ 1.4 ಸೂರ್ಯರಾಶಿಯ ಮಿತಿಯನ್ನು ಸಮೀಪಿಸಿದಾಗ ಸಿಡಿಯಬಹುದು. ಎರಡು ಶ್ವೇತಕುಬ್ಜಗಳು ಒಂದಾಗಿಯೂ ಸಿಡಿಯಬಹುದು. ಆದ್ದರಿಂದ ಹೊಸ ನಕ್ಷತ್ರ ಹುಟ್ಟುವುದು ಬಹುತೇಕ ನಿಂತುಹೋದ ಮುದಿ ಗ್ಯಾಲಕ್ಸಿಗಳಲ್ಲೂ ಇವು ಕಾಣಸಿಗುತ್ತವೆ.

1987ರ ಫೆಬ್ರವರಿ 24ರಂದು ಅದೃಷ್ಟ ಒಂದಿಷ್ಟು ಹತ್ತಿರ ಬಂತು. ಸುಮಾರು 1.68 ಲಕ್ಷ ಜ್ಯೋತಿರ್ವರ್ಷ ದೂರದ ನೆರೆ ಗ್ಯಾಲಕ್ಸಿ ದೊಡ್ಡ ಮೆಗೆಲನ್ ಮೋಡದಲ್ಲಿ ಸೂಪರ್‌ನೋವಾ ಪತ್ತೆಯಾಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ತಮಿಳುನಾಡಿನ ಕವಲೂರಿನಿಂದ ಅದರ ವರ್ಣಪಟಲವನ್ನು ದಾಖಲಿಸಿದರು. ಕವಲೂರಿನ ಅಕ್ಷಾಂಶ ಹೆಚ್ಚುಕಡಿಮೆ ಕಾಸರಗೋಡಿನದೇ. ಕಾಸರಗೋಡಿನಿಂದಲೂ ಆ ಸೂಪರ್‌ನೋವಾ ದಕ್ಷಿಣ ದಿಗಂತದಿಂದ ಹೆಚ್ಚೆಂದರೆ ಎಂಟು ಡಿಗ್ರಿ ಮೇಲೇರುತ್ತಿತ್ತು. ತೋಟದ ಅಂಚಿನ ನಾಲ್ಕು ಅಡಿಕೆ ಮರ ಸಾಕು ಅದನ್ನು ಮರೆಸಲು.

ಹತ್ತಿರದ್ದು ಸಿಗದಿದ್ದರೆ ದೂರದವನ್ನು ಹುಡುಕಬೇಕು. ಕಾಣಬಲ್ಲ ವಿಶ್ವವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚೇ ಸಿಡಿಯುತ್ತಿರುತ್ತವೆ. 2023ರ ಮೇ 19ರಂದು ಜಪಾನಿನ ಹವ್ಯಾಸಿ ವೀಕ್ಷಕ ಕೊಯಿಚಿ ಇಟಾಗಾಕಿ ಸುಮಾರು ಎರಡು ಕೋಟಿ ಜ್ಯೋತಿರ್ವರ್ಷ ದೂರದ ಎಂ101 ಗ್ಯಾಲಕ್ಸಿಯಲ್ಲಿ ಒಂದನ್ನು ಕಂಡುಹಿಡಿದರು. ಲಡಾಖಿನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವೂ ಅದರ ಬೆನ್ನು ಹತ್ತಿತು. ಆ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ.

ನಮ್ಮದೇ ಕ್ಷೀರಪಥದ ಮುಂದಿನ ಸ್ಫೋಟ ಧನು ರಾಶಿಯ ಕಡೆ ಆಗುವ ಸಾಧ್ಯತೆ ಹೆಚ್ಚು, ನಕ್ಷತ್ರಗಳ ದಟ್ಟಣೆ ಇರುವುದೇ ಆ ದಿಕ್ಕಿನಲ್ಲಿ. ಕಾಸರಗೋಡಿನಲ್ಲಿ ಆ ಭಾಗ ಸಂಜೆಯ ಹೊತ್ತು ಮೇಲೇರುವುದು ಜುಲೈ, ಆಗಸ್ಟ್ ಸುಮಾರಿಗೆ, ಮಳೆಮೋಡ ಕವಿದಿರುವಾಗ. ಮೋಡವಾಗಲಿ ಧೂಳಾಗಲಿ ತಡೆಯಲಾರದ ಸುಳಿವೊಂದಿದೆ: ತಿರುಳು ಕುಸಿಯುವಾಗ ಹೊರಬೀಳುವ ನ್ಯೂಟ್ರಿನೊ ಕಣಗಳು. 1987ರಲ್ಲಿ ಜಪಾನ್, ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನೆಲದಡಿಯ ಉಪಕರಣಗಳಿಗೆ ಈ ಕಣಗಳು ಬೆಳಕಿಗಿಂತ ಕೆಲವು ಗಂಟೆ ಮೊದಲೇ ಸಿಕ್ಕಿದ್ದವು. ಈಗ ಅಂಥ ಉಪಕರಣಗಳನ್ನು ಒಂದಕ್ಕೊಂದು ಜೋಡಿಸಿ ಎಚ್ಚರಿಕೆಯ ಜಾಲ ಕಟ್ಟಲಾಗಿದೆ. ಬೃಹತ್ ನಕ್ಷತ್ರವೊಂದರ ತಿರುಳು ಕುಸಿದರೆ ಅದರ ಸುದ್ದಿ ಹವ್ಯಾಸಿಗಳಿಗೂ ತಲುಪುತ್ತದೆ.