ನೆಲಮಾಳಿಗೆಯ ಗಾಳಿಯನ್ನು ಯಾರು ಅಳೆಯಬೇಕು?

ಅಮೆರಿಕದ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಇಲಿನಾಯ್ ರಾಜ್ಯಗಳಲ್ಲಿ ಮನೆ ಕೊಳ್ಳುವ ಕನ್ನಡಿಗರು ಕಡಿಮೆಯೇನಿಲ್ಲ. ಅಲ್ಲಿ ವ್ಯವಹಾರ ಕುದುರಿದ ಮೇಲೆ, ಪೂರ್ತಿ ಹಣ ಕೊಡುವ ಮುನ್ನ, ಚಾವಣಿ ಸೋರುತ್ತದೆಯೇ, ಗೆದ್ದಲು ಹಿಡಿದಿದೆಯೇ ಎಂದು ನೋಡಿಕೊಳ್ಳಲು ಕೆಲವೇ ದಿನಗಳು ಸಿಗುತ್ತವೆ. ಆ ದಿನಗಳಲ್ಲೇ ಮಾಡಿಸಿಕೊಳ್ಳಬೇಕಾದ ಇನ್ನೊಂದು ಪರೀಕ್ಷೆ ರೇಡಾನ್ ಅನಿಲದ್ದು. ಮನೆ ಕೊಳ್ಳುವ ಹೊತ್ತಿನಲ್ಲಿ ಇದಕ್ಕೆ ಅಂಗಡಿಯ ಕಿಟ್ ಸಾಲದು; ಪರವಾನಗಿಯೋ ಪ್ರಮಾಣಪತ್ರವೋ ಇರುವ ಪರೀಕ್ಷಕರನ್ನು ಕರೆಸಬೇಕು, ಮತ್ತು ಆ ಪರೀಕ್ಷಕರಿಗೆ ಮನೆಯ ಮಾರಾಟದಲ್ಲಾಗಲಿ ಮುಂದಿನ ರಿಪೇರಿಯಲ್ಲಾಗಲಿ ಪಾಲು ಇರಬಾರದು ಎಂಬುದು ನನ್ನ ವಾದ.

ಕಲ್ಲು ಮಣ್ಣುಗಳಲ್ಲಿರುವ ಯುರೇನಿಯಂ ಕೋಟ್ಯಂತರ ವರ್ಷಗಳಲ್ಲಿ ಕ್ಷಯಿಸುತ್ತ ರೇಡಿಯಂ ಆಗುತ್ತದೆ, ರೇಡಿಯಂನಿಂದ ರೇಡಾನ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಚಳಿನಾಡಿನ ಮನೆಯಲ್ಲಿ ಬೆಚ್ಚಗಿನ ಗಾಳಿ ಮೇಲೇರಿ ಹೊರಗೆ ಹೋಗುತ್ತಿದ್ದಂತೆ ಕೆಳಗಿನ ಒತ್ತಡ ಇಳಿದು, ತಳದ ಬಿರುಕುಗಳಿಂದ, ಪೈಪುಗಳ ಸುತ್ತಲಿನ ಸಂದುಗಳಿಂದ ಮಣ್ಣೊಳಗಿನ ಅನಿಲವನ್ನು ಮನೆಯೇ ಒಳಗೆಳೆದುಕೊಳ್ಳುತ್ತದೆ. ಅನಿಲದಿಂದ ಹುಟ್ಟುವ ಪೊಲೋನಿಯಂ ಕಣಗಳು ಉಸಿರಿನೊಂದಿಗೆ ಶ್ವಾಸಕೋಶದಲ್ಲಿ ಕೂತು ಆಲ್ಫಾ ವಿಕಿರಣ ಹೊಮ್ಮಿಸುತ್ತವೆ. ರೇಡಾನ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ತೀರ್ಮಾನಿಸಿತು. ಅಮೆರಿಕವೊಂದರಲ್ಲೇ ವರ್ಷಕ್ಕೆ ಸುಮಾರು 21,000 ಜನ ಇದರಿಂದಾದ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುತ್ತಾರೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಹೆಚ್ಚಿನವರು ಧೂಮಪಾನಿಗಳು. ಆದರೆ ಸಿಗರೇಟು ಮುಟ್ಟದವರೂ ಸುಮಾರು 2,900 ಮಂದಿ ಇದ್ದಾರೆ.

ಈ ಲೆಕ್ಕವೆಲ್ಲ ಗಣಿಗಳಲ್ಲಿ ದುಡಿದವರನ್ನು ನೋಡಿ ಊಹಿಸಿದ್ದು, ಮನೆಗೆ ಹೊಂದುವುದಿಲ್ಲ ಎಂಬ ಆಕ್ಷೇಪವಿದೆ. ಒಂದು ಕಾಲಕ್ಕೆ ಅದರಲ್ಲಿ ಹುರುಳಿತ್ತು. ಆದರೆ 2005ರಲ್ಲಿ ಯುರೋಪಿನ 13 ಅಧ್ಯಯನಗಳನ್ನು ಒಟ್ಟುಗೂಡಿಸಿ, ಮನೆಗಳಲ್ಲೇ ಅಳೆದ ರೇಡಾನ್ ಮಟ್ಟಗಳನ್ನು ಹಿಡಿದು ನೋಡಿದಾಗ, ಗಾಳಿಯ ಘನ ಮೀಟರಿಗೆ ಪ್ರತಿ 100 ಬೆಕೆರೆಲ್ (ವಿಕಿರಣಶೀಲತೆಯ ಮಾನ) ಹೆಚ್ಚಿದಂತೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸುಮಾರು ಶೇ. 16ರಷ್ಟು ಏರುವುದು ಕಂಡುಬಂತು. ಅಮೆರಿಕದಲ್ಲಿ ಮನೆ ಸರಿಪಡಿಸಿಕೊಳ್ಳಿ ಎಂದು ಹೇಳುವ ಮಟ್ಟ ಲೀಟರಿಗೆ 4 ಪಿಕೋಕ್ಯೂರಿ, ಅಂದರೆ ಘನ ಮೀಟರಿಗೆ 148 ಬೆಕೆರೆಲ್. ವಿಶ್ವ ಆರೋಗ್ಯ ಸಂಸ್ಥೆ ಸಾಧ್ಯವಾದಲ್ಲೆಲ್ಲ 100ನ್ನೇ ಗಡಿಯಾಗಿಡಿ ಎನ್ನುತ್ತದೆ. ಹಾಗಾಗಿ 3.8 ಪಿಕೋಕ್ಯೂರಿ ಬಂತೆಂದು ನಿಶ್ಚಿಂತರಾಗುವುದೂ ಸರಿಯಲ್ಲ.

ಪಕ್ಕದ ಮನೆಯಲ್ಲಿ ಕಡಿಮೆ ಬಂದಿದೆಯಲ್ಲ, ಮನೆ ಹೊಸದಲ್ಲವೇ ಎಂದು ಕೇಳುವವರಿಗೆ ಉತ್ತರ ಚಿಕ್ಕದು: ತಳದ ಬಿರುಕು, ಮಣ್ಣಿನ ಗುಣ, ಮನೆಯೊಳಗಿನ ಒತ್ತಡ ಇವೆಲ್ಲ ಮನೆಯಿಂದ ಮನೆಗೆ ಬೇರೆ. 1984ರಲ್ಲಿ ಪೆನ್ಸಿಲ್ವೇನಿಯಾದ ಲಿಮೆರಿಕ್ ಅಣುಸ್ಥಾವರದ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ಕೆಲಸದ ಜಾಗದ ವಿಕಿರಣ ಪತ್ತೆಯಂತ್ರಗಳನ್ನು ಪದೇ ಪದೇ ಕೂಗಿಸಿದಾಗ, ಮೂಲ ಸಿಕ್ಕಿದ್ದು ಅವರ ಮನೆಯಲ್ಲಿ. ಅಲ್ಲಿನ ಗಾಳಿಯಲ್ಲಿ ಲೀಟರಿಗೆ ಸುಮಾರು 2,700 ಪಿಕೋಕ್ಯೂರಿ ರೇಡಾನ್ ಇತ್ತು. ಆ ಮನೆಯವರಿಗೆ ಕಣ್ಣು, ಮೂಗು ಯಾವುದೂ ಸುಳಿವು ಕೊಟ್ಟಿರಲಿಲ್ಲ.

ಗಟ್ಟಿಯಾದ ಆಕ್ಷೇಪವೆಂದರೆ ಕಿಟ್‌ನದು. ಕಡಿಮೆ ಬೆಲೆಗೆ ಇದ್ದಿಲಿನ ಡಬ್ಬಿ ಸಿಗುತ್ತದೆ, ಕೆಲವು ದಿನ ಮನೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಅಂಚೆಯಲ್ಲಿ ಕಳಿಸಿದರೆ ಉತ್ತರ ಬರುತ್ತದೆ; ಇದಕ್ಕೆ ಇನ್ನೊಬ್ಬರಿಗೆ ನೂರಾರು ಡಾಲರ್ ಏಕೆ? ಈಗಾಗಲೇ ವಾಸವಿರುವ ಮನೆಗಾದರೆ ಈ ಮಾತನ್ನು ನಾನು ಒಪ್ಪುತ್ತೇನೆ. ಮೂರು ತಿಂಗಳಿಗೂ ಹೆಚ್ಚು ಕಾಲ ಇಡುವ ಕಿಟ್ ಅಂತೂ ಎರಡು ದಿನದ ಯಾವ ಪರೀಕ್ಷೆಗಿಂತಲೂ ನಿಜಕ್ಕೆ ಹತ್ತಿರದ ಸರಾಸರಿ ಕೊಡುತ್ತದೆ. ಕೊಳ್ಳುವಾಗಿನ ಸ್ಥಿತಿ ಬೇರೆ. ಮನೆಯಲ್ಲಿ ಇನ್ನೂ ಮಾರುವವರೇ ಇರುತ್ತಾರೆ. ಪರೀಕ್ಷೆಗೆ 12 ಗಂಟೆ ಮೊದಲಿನಿಂದ ಮುಗಿಯುವವರೆಗೂ ಕಿಟಕಿ ಬಾಗಿಲು ಮುಚ್ಚಿರಬೇಕು, ಓಡಾಡಲು ಮಾತ್ರ ಬಾಗಿಲು ತೆಗೆಯಬಹುದು. ಯಾರೋ ಸೆಕೆಯೆಂದು ರಾತ್ರಿ ಕಿಟಕಿ ತೆರೆದರೂ ಸಾಕು, ಅಂಕಿ ಇಳಿಯುತ್ತದೆ. ಇದ್ದಿಲಿನ ಡಬ್ಬಿ ಕೊಡುವುದು ಒಂದೇ ಒಂದು ಅಂಕಿ. ನಡುವೆ ಏನಾಯಿತೆಂದು ಅದು ಹೇಳಲಾರದು. ವೃತ್ತಿಪರರು ಇಡುವ ನಿರಂತರ ಮಾಪಕ ಗಂಟೆ ಗಂಟೆಯ ಮಟ್ಟ ಬರೆದಿಡುತ್ತದೆ. ಅಂಥ ಹಲವು ಯಂತ್ರಗಳು ಉಷ್ಣತೆ, ತೇವ, ಗಾಳಿಯ ಒತ್ತಡವನ್ನೂ, ತಮ್ಮನ್ನು ಯಾರಾದರೂ ಅಲುಗಾಡಿಸಿದರೆ ಅದನ್ನೂ ದಾಖಲಿಸುತ್ತವೆ. ರಾತ್ರಿ ಎರಡು ಗಂಟೆಗೆ ರೇಡಾನ್, ಉಷ್ಣತೆ ಎರಡೂ ಒಟ್ಟಿಗೆ ಕುಸಿದಿದ್ದರೆ ಪರೀಕ್ಷಕರು ಆ ಫಲಿತಾಂಶವನ್ನು ಪಕ್ಕಕ್ಕಿಟ್ಟು ಮತ್ತೆ ಅಳೆಯಬಹುದು. ಬೆಲೆಯ ಚೌಕಾಸಿಗೆ ಕೂತಾಗ ಎರಡೂ ಕಡೆಯವರು ನಂಬುವ ಅಂಕಿ ಹೀಗೆ ಬಂದದ್ದು ಮಾತ್ರ.

ಹಾಗೆಂದು ವೃತ್ತಿಪರರ 48 ಗಂಟೆಯ ಅಳತೆಯೇ ಕೊನೆಯ ಮಾತಲ್ಲ. ಋತು ಬದಲಾದಂತೆ, ಬಿರುಗಾಳಿ ಬೀಸಿದಾಗ ಮಟ್ಟ ಏರಿಳಿಯುತ್ತದೆ. ಹಣ ಕೊಡುವುದು ಅಳತೆಯ ಶಿಸ್ತಿಗೆ ಎಂದು ತಿಳಿದು, ಮನೆ ಸೇರಿದ ಮೇಲೆ ದೀರ್ಘಾವಧಿಯ ಕಿಟ್ ಇಟ್ಟು ನೋಡುವುದು ಒಳ್ಳೆಯದು.

ಎಲ್ಲಿ ಅಳೆಯುತ್ತಾರೆಂಬುದನ್ನೂ ಕೇಳಿ. ವಾಸಕ್ಕೆ ಬಳಸಬಹುದಾದ ಅತಿ ಕೆಳಗಿನ ಅಂತಸ್ತೇ ಸರಿಯಾದ ಜಾಗ. ಊರಿಂದ ಬಂದು ತಿಂಗಳುಗಟ್ಟಲೆ ಇರುವ ತಂದೆತಾಯಿಗೆ ನೆಲಮಾಳಿಗೆಯಲ್ಲಿ ಕೋಣೆ ಮಾಡಿಕೊಡುವ ಮನೆಗಳಲ್ಲಂತೂ ಇದನ್ನು ಕಡೆಗಣಿಸುವಂತಿಲ್ಲ. ಕರ್ನಾಟಕದ ನೆಲದಡಿಯೂ ರೇಡಾನ್ ಹುಟ್ಟಿಸುವ ಗ್ರಾನೈಟ್ ಬೇಕಾದಷ್ಟಿದೆ, ಆದರೆ ನೆಲಮಾಳಿಗೆಯಿಲ್ಲದ, ಕಿಟಕಿ ತೆರೆದೇ ಇರುವ ಮನೆಯಲ್ಲಿ ಅನಿಲ ನಿಲ್ಲುವುದು ಕಡಿಮೆ. ಆ ಅಭ್ಯಾಸದ ಧೈರ್ಯವನ್ನು ಚಳಿಗಾಲದ ಮುಚ್ಚಿದ ಮನೆಗೆ ಒಯ್ಯಬಾರದು.

ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಇಲಿನಾಯ್‌ಗಳಲ್ಲಿ ಇತರರ ಮನೆಯನ್ನು ಹಣಕ್ಕಾಗಿ ಪರೀಕ್ಷಿಸುವವರಿಗೆ ಸರ್ಕಾರದ ಅನುಮತಿ ಬೇಕು. ಅಂಥ ಕಾನೂನಿಲ್ಲದ ರಾಜ್ಯಗಳಲ್ಲಿ ರಾಷ್ಟ್ರೀಯ ಸಂಸ್ಥೆಗಳ ಪ್ರಮಾಣಪತ್ರ, ಯಂತ್ರವನ್ನು ಕೊನೆಯ ಬಾರಿ ತಾಳೆ ನೋಡಿದ ದಿನಾಂಕ, ಇವೆರಡನ್ನೂ ಕೇಳಿ ಪಡೆಯಬೇಕು. ಮಟ್ಟ ಹೆಚ್ಚಿದ್ದರೆ ಪರಿಹಾರವಿದೆ: ತಳದ ಕಾಂಕ್ರೀಟಿನಡಿಗೆ ಪೈಪು ಇಳಿಸಿ, ಫ್ಯಾನ್ ಹಾಕಿ, ಮಣ್ಣಿನ ಅನಿಲವನ್ನು ಚಾವಣಿಯ ಮೇಲಕ್ಕೆ ಬಿಡುತ್ತಾರೆ. ಫ್ಯಾನ್ ಓಡಲು ಶುರುವಾಗಿ 24 ಗಂಟೆ ಕಳೆದ ಮೇಲೆ, 30 ದಿನಗಳೊಳಗೆ ಮತ್ತೆ ಅಳೆಯಬೇಕು. ಆ ಅಳತೆಗೆ ಫ್ಯಾನ್ ಹಾಕಿದವರನ್ನು ಬಿಟ್ಟು ಬೇರೊಬ್ಬರನ್ನು ಕರೆಸಿ.