ಗೆಳತಿಗೆ ‘ಬಾರೇ’, ಮಿಸ್‌ಗೆ ‘ಬನ್ನಿ’

ಹೋದ ವಾರ ಮಗಳ ಗ್ರಾಮರ್ ಪುಸ್ತಕದಲ್ಲಿ ಕೆಂಪು ಗೆರೆ. ರಜಾ ಅರ್ಜಿಯಲ್ಲಿ ‘ಐ ಕಾಂಟ್ ಕಮ್’ ಅಂತ ಬರೆದಿದ್ದಳು. ‘ಅಮ್ಮಾ, ನೀನೇ ಸರಿ ಅಂದ್ಯಲ್ಲ!’ ಎಂದು ಮುಖ ಊದಿಸಿದಳು. ತಪ್ಪು ನನ್ನದೇ.

ನಿಮ್ಮ ಮನೆಯಲ್ಲೂ ಇದೇ ಪಜೀತಿಯೇ? ಮೊದಲು ಕನ್ನಡದಲ್ಲೇ ಕೇಳಿ: ‘ಗೆಳತಿಗೆ ಬಾರೇ ಅಂತೀಯ, ಮಿಸ್‌ಗೆ?’ ‘ಬನ್ನಿ’ ಅಂತ ಮಗುವೇ ಹೇಳುತ್ತದೆ. ಇಂಗ್ಲಿಷಿನಲ್ಲಿ ‘ಯು’ ಎಲ್ಲರಿಗೂ ಒಂದೇ. ಮರ್ಯಾದೆ ಬೇರೆ ಪದಗಳಲ್ಲಿರುತ್ತದೆ. ಅರ್ಜಿಯಲ್ಲಿ ‘ಕಾಂಟ್’ ಬದಲು ‘ಕೆನಾಟ್’, ‘ಐ ವಾಂಟ್’ ಬದಲು ‘ಐ ವುಡ್ ಲೈಕ್’, ‘ಕಿಡ್ಸ್’ ಬದಲು ‘ಚಿಲ್ಡ್ರನ್’ ಬರೆಸಿ. ‘ಡಿಯರ್ ಸರ್’ ಎಂದು ಶುರು ಮಾಡಿದರೆ ಕೊನೆಗೆ ‘ಯುವರ್ಸ್ ಫೇತ್‌ಫುಲಿ’. ಗೆಳತಿಯ ಪತ್ರದಲ್ಲಿ ‘ಕಾಂಟ್’ ಇರಲಿ, ಅಲ್ಲಿ ಅದೇ ಚೆಂದ.

ಈಗ ಹೋಂವರ್ಕಿಗೆ ಕೂತರೆ ಮಗಳ ಪ್ರಶ್ನೆ ಒಂದೇ: ‘ಅಮ್ಮಾ, ಇದು ಬಾರೇನಾ, ಬನ್ನಿನಾ?’